ನನ್ನ ಕೋಟು ಹೋಗಿ ಬಂದ ದೇಶ

ನನ್ನ ಕೋಟು ಭೂತಾನಕ್ಕೆ ಹೋಗಿ ಬಂದಿದೆ. ನಾನು ಹೋಗಿಲ್ಲ. ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ, ನಕ್ಕವರ ಮುಖ ನೋಡಿದರೆ ನನಗೆ ಈಗಲೂ ಪಿತ್ತ ನೆತ್ತಿಗೇರುತ್ತದೆ. ಹೋದದ್ದು ಹಳೆಯ ಕೋಟಲ್ಲ, ಯಾರೋ ಕದ್ದ ಕೋಟೂ ಅಲ್ಲ. ನನ್ನ ಎದೆ, ನನ್ನ ತೋಳು, ಒಂದು ಕಡೆ ಇಳಿದ ನನ್ನ ಭುಜ, ಎಲ್ಲವನ್ನೂ ಅಳೆದು ನನಗೆಂದೇ ಕತ್ತರಿಸಿದ ಉಣ್ಣೆಯ ಕೋಟು. ಅದನ್ನು ಇನ್ನೊಬ್ಬರ ಮೈಮೇಲೆ ಹಾಕಿ ಕಳಿಸಿದವರು ನನ್ನ ಭಾವ, ಅಕ್ಕನ ಗಂಡ. ಅವರು ತೀರಿಹೋಗಿ ಕೆಲವು ವರ್ಷ ಆಯಿತು. ಹೋದವರ ಮೇಲೆ ಇನ್ನೂ ಎಷ್ಟು ದಿನ ಮುಖ ಗಂಟು ಹಾಕಿಕೊಂಡಿರುತ್ತೀಯ ಎಂದು ಅಕ್ಕ ಕೇಳುತ್ತಾಳೆ. ಕೋಟು ಕೈಗೆ ಬರುವವರೆಗೆ, ಅನ್ನುತ್ತೇನೆ.

ಭಾವ ಟೈಲರ್. ನಾನು ಬೂಟು, ಚಪ್ಪಲಿ ಹೊಲಿಯುವವನು. ಅವರದು ಬಟ್ಟೆ, ನನ್ನದು ಚರ್ಮ; ನಡುವೆ ಒಂದೇ ಗೋಡೆ. ಆ ಗೋಡೆಯಲ್ಲಿ ಯಾವ ಕಾಲದಲ್ಲೋ ಯಾರೋ ಒಂದೆರಡು ಇಟ್ಟಿಗೆ ತೆಗೆದು ಮಾಡಿದ ಕಿಂಡಿ ಇದೆ. ಅದರೊಳಗಿಂದ ಟೀ ಹೋಗುತ್ತಿತ್ತು, ಕತ್ತರಿ ಬರುತ್ತಿತ್ತು, ಬೈಗುಳ ಎರಡೂ ಕಡೆಗೆ ಓಡಾಡುತ್ತಿತ್ತು. ಆ ಕಡೆಯಿಂದ ಮಶೀನಿನ ಕಟಕಟ, ಈ ಕಡೆಯಿಂದ ಸುತ್ತಿಗೆಯ ಟಕಟಕ. ಬೀದಿಯವರಿಗೆ ಅದು ಗಡಿಯಾರದ ಹಾಗೆ ಅಭ್ಯಾಸವಾಗಿಹೋಗಿತ್ತು.

ಭಾವ ಉದ್ದಕ್ಕೆ, ತೆಳ್ಳಗೆ, ಬಿಚ್ಚಿ ನಿಲ್ಲಿಸಿದ ಅಳತೆಕೋಲಿನ ಹಾಗೆ ಇದ್ದರು. ಕುತ್ತಿಗೆಯಲ್ಲಿ ಟೇಪು ಸದಾ ನೇತಾಡುತ್ತಿತ್ತು. ಸ್ನಾನಕ್ಕೆ ಹೋಗುವಾಗಲೂ ಮರೆತು ಹಾಕಿಕೊಂಡು ಹೋಗಿ ಅಕ್ಕನ ಕೈಲಿ ಬೈಸಿಕೊಳ್ಳುತ್ತಿದ್ದರು. ಬಾಯಿ ತುಂಬ ಗುಂಡುಸೂಜಿ. ಹಾಗಾಗಿ ಅವರ ಮಾತೆಲ್ಲ ತುಟಿ ಬಿಚ್ಚದ ಮಾತು. ಗಿರಾಕಿಗಳಿಗೆ ಅರ್ಥವಾಗುತ್ತಿರಲಿಲ್ಲ, ನನಗೆ ಆಗುತ್ತಿತ್ತು. ನನ್ನ ಬಾಯಲ್ಲೂ ಮೊಳೆ ಇರುತ್ತಿತ್ತಲ್ಲ. ಮನುಷ್ಯರನ್ನು ಅವರು ನೋಡುವುದೇ ಬೇರೆ ರೀತಿ. ಅಕ್ಕ ಹೇಳುತ್ತಿದ್ದಳು: "ನನ್ನನ್ನ ನೋಡೋಕೆ ಬಂದಾಗ ಮುಖಾನೇ ನೋಡ್ಲಿಲ್ಲ ಕಣೋ. ರವಿಕೆ ತೋಳು ಬಿಗಿ ಆಗಿದೆ ಅಂದ್ರು. ಅಷ್ಟೇ ಮಾತು. ಮದುವೆ ಆಗೋಯ್ತು."

ನನ್ನನ್ನು ಅವರು ಕರೆಯುತ್ತಿದ್ದದ್ದು ಪಟಾಕಿ ಎಂದು. ನನಗೆ ಬೇಗ ಸಿಟ್ಟು ಬರುತ್ತದೆ, ಸುಳ್ಳೇನಲ್ಲ. ಆದರೆ ಊರಲ್ಲಿ ಯಾರಾದರೂ ಹಾಗೆ ಕರೆದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದೆ. ಭಾವನಿಗೆ ಮಾತ್ರ ಮಾಫಿ.

ಈ ಭೂತಾನದ ಹುಚ್ಚು ಹತ್ತಿದ್ದು ಒಂದು ಎಳೆ ದಾರದಿಂದ. ಭಾವ ಹಿಂದೆಂದೋ ಹೊಲಿದುಕೊಟ್ಟಿದ್ದ ಕೋಟನ್ನು ಒಬ್ಬ ಗಿರಾಕಿ ಗುಂಡಿ ಹಾಕಿಸಲು ತಂದರು. ಗುಂಡಿ ಇದ್ದ ಜಾಗದಲ್ಲಿ ಒಂದು ಕೆಂಪು ದಾರ ಸಿಕ್ಕಿಹಾಕಿಕೊಂಡಿತ್ತು. ಭಾವ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ನನ್ನ ಅಂಗಡಿ ದಾರ ಅಲ್ಲ."

"ಅದಾ?" ಗಿರಾಕಿ ನಕ್ಕರು. "ಭೂತಾನಕ್ಕೆ ಹೋಗಿದ್ದೆ. ಅಲ್ಲಿ ಬೆಟ್ಟದ ಮೇಲೆ ಹಗ್ಗ ಕಟ್ಟಿ ಸಾಲಾಗಿ ಮಂತ್ರ ಬರೆದ ಬಾವುಟ ನೇತುಹಾಕಿರ್ತಾರೆ. ಗಾಳಿಗೆ ಹರಿದು ಎಳೆ ಎಳೆಯಾಗಿ ಹಾರ್ತಿರುತ್ತೆ. ಅದರದೇ ಇರ್ಬೇಕು."

"ಎಳೆ ಎಳೆಯಾಗಾ? ಅಂಚು ಮಡಚಿ ಹೊಲಿದಿರಲ್ವಾ?"

"ಅಂಚು ಯಾರು ನೋಡಿದಾರೆ ಸ್ವಾಮಿ! ಬೇಕಂತ್ಲೇ ಹಾಗೆ ಬಿಡ್ತಾರಂತೆ. ಗಾಳಿ ತಗೊಂಡು ಹೋಗ್ಲಿ ಅಂತ."

ಗಿರಾಕಿ ಹೋದ ಮೇಲೆ ಬಹಳ ಹೊತ್ತು ಮಶೀನಿನ ಸದ್ದೇ ಇಲ್ಲ. ಆಮೇಲೆ ಕಿಂಡಿಯಲ್ಲಿ ಭಾವನ ಮುಖ ಕಾಣಿಸಿತು. ಬಾಯಲ್ಲಿ ಸೂಜಿ ಇರಲಿಲ್ಲ. ಅಂದರೆ ವಿಷಯ ದೊಡ್ಡದು.

"ಪಟಾಕಿ, ನಾನು ಇಷ್ಟು ವರ್ಷ ಮಾಡಿದ್ದೇನು? ಬಟ್ಟೆ ದಾರ ಬಿಡದ ಹಾಗೆ ಅಂಚು ಕಟ್ಟೋದು. ಅಲ್ಲಿ ದಾರ ಬಿಡ್ಲಿ ಅಂತಾನೇ ಬಟ್ಟೆ ಕಟ್ತಾರಂತೆ ಕಣೋ."

"ಕಟ್ಲಿ ಬಿಡಿ. ನಿಮಗೇನು ನಷ್ಟ?"

"ನಷ್ಟ ಅಲ್ಲವೋ. ನನ್ನ ಕೋಟು ಅದನ್ನ ನೋಡ್ಕೊಂಡು ಬಂತು. ನಾನು ಮಾತ್ರ ಇಲ್ಲೇ ಕೂತು ಕಾಲು ಆಡಿಸ್ತಿದೀನಿ."

"ಹಾಗಾದ್ರೆ ಹೋಗೋಣ," ಅಂದೆ. ಮೊಳೆ ಕಚ್ಚಿಕೊಂಡು, ಬೇರೆ ಕಡೆ ನೋಡಿಕೊಂಡು ಹೇಳಿದ ಮಾತು. ಅದನ್ನು ಅವರು ಗಟ್ಟಿಯಾಗಿ ಹಿಡಿದುಕೊಂಡರು.

ಒಪ್ಪಂದ ಹೀಗಾಯಿತು: ಅವರು ನನಗೊಂದು ಉಣ್ಣೆಯ ಕೋಟು ಹೊಲಿಯಬೇಕು, ನಾನು ಅವರಿಗೆ ಬೆಟ್ಟ ಹತ್ತುವ ಬೂಟು ಹೊಲಿಯಬೇಕು. ದುಡ್ಡಿನ ಮಾತಿಲ್ಲ. ಅಕ್ಕನನ್ನೂ ಕರೆದೆವು. "ನಿಮ್ಮಿಬ್ಬರ ಜಗಳ ಕೇಳೋಕೆ ಅಷ್ಟು ಎತ್ತರ ಹತ್ತಬೇಕಾ? ಇಲ್ಲೇ ಚೆನ್ನಾಗಿ ಕೇಳಿಸುತ್ತೆ," ಎಂದು ಒಲೆ ಕಡೆ ತಿರುಗಿದಳು.

ಆಮೇಲಿನ ಸಂಜೆಗಳನ್ನು ನೆನೆಸಿಕೊಂಡರೆ ಈಗಲೂ ಮೂಗಿಗೆ ಇಸ್ತ್ರಿಪೆಟ್ಟಿಗೆಯ ಬಿಸಿ ವಾಸನೆ ಬರುತ್ತದೆ. ಗಿರಾಕಿಗಳ ಕಾಟ ಮುಗಿದ ಮೇಲೆ ಭಾವ ಬಟ್ಟೆ ಕತ್ತರಿಸುವ ದೊಡ್ಡ ಮೇಜನ್ನು ಖಾಲಿ ಮಾಡಿ, ಸೀಮೆಸುಣ್ಣ ಹಿಡಿದು ದಾರಿ ಎಳೆಯುತ್ತಿದ್ದರು. ಯಾರ್ಯಾರೋ ಹೇಳಿದ್ದು, ಹಳೆ ಕ್ಯಾಲೆಂಡರಿನಲ್ಲಿ ಕಂಡದ್ದು, ಎಲ್ಲ ಸೇರಿಸಿ ಎಳೆದ ದಾರಿ. ಅವರಿಗೆ ಗೊತ್ತಿದ್ದದ್ದು ಟೈಲರ್ ಗೆರೆಗಳೇ. ಹಾಗಾಗಿ ಅವರ ಭೂತಾನದಲ್ಲಿ ಕಣಿವೆ ಅಂದರೆ ಕಂಕುಳಿನ ತಿರುವು, ಬೆಟ್ಟದ ಏರು ಅಂದರೆ ಕುತ್ತಿಗೆಪಟ್ಟಿಯ ವಾಟ. ಬಂಡೆಯ ಅಂಚಿಗೆ ಕಚ್ಚಿಕೊಂಡಿರುವ ಒಂದು ಮಠ ಇದೆಯಂತೆ. ಅದನ್ನು ಅವರು ಅಂಗಿಯ ಮೇಲಿನ ಗುಂಡಿಯ ಜಾಗದಲ್ಲಿ ಗುರುತು ಮಾಡಿದ್ದರು. ಮರುದಿನ ಅದೇ ಮೇಜಿನ ಮೇಲೆ ಯಾರದೋ ಪ್ಯಾಂಟು ಬೀಳುತ್ತಿತ್ತು, ದಾರಿಯೆಲ್ಲ ಅಳಿಸಿ ಅದರ ಹಿಂಭಾಗಕ್ಕೆ ಮೆತ್ತಿಕೊಂಡು ಹೋಗುತ್ತಿತ್ತು. ಸಂಜೆ ಮತ್ತೆ ಎಳೆಯುತ್ತಿದ್ದರು.

"ಅಲ್ಲಿ ಗಂಡಸರು ಮೊಣಕಾಲುದ್ದದ ನಿಲುವಂಗಿ ಹಾಕ್ತಾರಂತೆ," ಎಂದು ಒಂದು ಸಂಜೆ ಹೇಳಿದರು. "ಸುತ್ತಿ, ಮೇಲಕ್ಕೆತ್ತಿ, ಸೊಂಟಕ್ಕೊಂದು ಪಟ್ಟಿ ಬಿಗಿದ್ರೆ ಎದೆ ಹತ್ರ ದೊಡ್ಡ ಚೀಲದ ಹಾಗೆ ಆಗುತ್ತಂತೆ. ಅದೇ ಜೇಬು! ಹೊಲಿಗೆನೇ ಇಲ್ಲದ ಜೇಬು!"

"ಹಾಗಾದ್ರೆ ನಿಮಗೆ ಅಲ್ಲಿ ಕೆಲಸ ಸಿಗಲ್ಲ."

"ಕೆಲಸಕ್ಕೆ ಯಾವನು ಹೋಗ್ತಾನೆ? ಒಬ್ಬ ಅದನ್ನ ಉಟ್ಕೊಳ್ಳೋದನ್ನ ಎದುರಿಗೆ ನಿಂತು ನೋಡ್ಬೇಕು."

"ಯಾರಾದ್ರೂ ಬಟ್ಟೆ ಹಾಕ್ಕೊಳ್ಳೋದನ್ನ ನಿಂತು ನೋಡಿದ್ರೆ ಅಲ್ಲೂ ಒದೀತಾರೆ ಭಾವ."

ಪ್ರವಾಸದ ಆಫೀಸಿಗೂ ಹೋದೆವು. ಗಾಜಿನ ಬಾಗಿಲು, ತಣ್ಣನೆ ಗಾಳಿ, ಮೇಜಿನ ಹಿಂದೆ ಒಬ್ಬ ಚುರುಕು ಹುಡುಗಿ. ಕಂಪ್ಯೂಟರಿನಿಂದ ಕಣ್ಣು ಎತ್ತದೆ ಕೇಳಿದಳು: "ಫ್ಯಾಮಿಲಿ ಪ್ಯಾಕೇಜಾ, ಹನಿಮೂನಾ?"

"ನಮ್ಮಿಬ್ಬರ ಮೀಸೆ ಕಾಣಿಸ್ತಿಲ್ವೇನಮ್ಮಾ?" ಎಂದು ನಾನು ಮೇಜು ಗುದ್ದಿದೆ.

ಭಾವ ನನ್ನ ಅಂಗಿಯ ಹಿಂಭಾಗ ಹಿಡಿದು ಕೂರಿಸಿದರು. "ಅವಳು ದಿನಾ ಕೇಳೋದನ್ನ ಕೇಳಿದ್ಳು ಕಣೋ. ನೀನು ಬಂದವರಿಗೆಲ್ಲ ನಂಬರ್ ಎಷ್ಟು ಅಂತ ಕೇಳಲ್ವಾ?" ಆಮೇಲೆ ಹುಡುಗಿಯ ಕಡೆ ಬಾಗಿ, "ತಾಯಿ, ಅಲ್ಲಿ ಬಾವುಟ ಕಟ್ಟಿರ್ತಾರಲ್ಲ, ಅದರ ಅಂಚು..." ಅಂದರು.

"ಸರ್, ಹೋಟೆಲ್ ತ್ರೀ ಸ್ಟಾರ್ ಸಾಕಾ?"

ಹೊರಗೆ ಬಂದ ಮೇಲೆ ಇಬ್ಬರೂ ಬಸ್ ಸ್ಟಾಪಿನಲ್ಲಿ ಹೊಟ್ಟೆ ಹಿಡಿದು ನಕ್ಕೆವು. ಹಾಗೆ ನಗುವುದು ನನಗೆ ಆಗಲೇ ಮರೆತುಹೋಗಿತ್ತು.

ಕೋಟಿನ ಅಳತೆ ತೆಗೆದ ದಿನ ಅಕ್ಕನೂ ಇದ್ದಳು. "ಬಲ ಭುಜ ಇಳಿದಿದೆ. ಸುತ್ತಿಗೆ ಹೊಡೆದೂ ಹೊಡೆದೂ," ಎಂದರು ಭಾವ. "ಗಿಡ್ಡ ಇರೋದೂ ಒಳ್ಳೇದೇ, ಬಟ್ಟೆ ಉಳೀತು."

"ಬಾಯಿ ಮುಚ್ಚಿ ಅಳೀರಿ."

"ಮುಚ್ಚೇ ಇದೀನಿ. ಸೂಜಿ ಇದೆ."

ಕತ್ತರಿಸಿದರು, ತುಂಡುಗಳನ್ನು ಬಿಳಿ ನೂಲಿನಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಜೋಡಿಸಿದರು, ನನ್ನ ಮೈಮೇಲೆ ಹಾಕಿ ಸುತ್ತಲೂ ತಿರುಗಿ ನೋಡಿದರು, ತೆಗೆದು ಮೊಳೆಗೆ ನೇತುಹಾಕಿದರು. ಮುಗಿಸಲಿಲ್ಲ. ಅದು ಅವರ ಕೆಲಸದ ಪದ್ಧತಿ. ಬೇರೆ ಟೈಲರುಗಳು ಒಮ್ಮೆ ಹಾಕಿ ನೋಡಿದ ಕೂಡಲೇ ಮಶೀನಿಗೆ ಕೊಡುತ್ತಾರೆ. ಭಾವ, ಹಾಕಿಕೊಳ್ಳುವ ದಿನ ಗೊತ್ತಾಗುವವರೆಗೆ ಕೊಡುತ್ತಿರಲಿಲ್ಲ.

"ಮನುಷ್ಯ ಊದ್ತಾನೆ, ಇಳೀತಾನೆ. ಒಬ್ಬನಿಗೆ ಅಂತ ಇಟ್ಟಿದ್ದು ಕೆಲವು ಸಲ ಇನ್ನೊಬ್ಬನಿಗೆ ಬೇಕಾಗುತ್ತೆ. ಕಚ್ಚಾ ಹೊಲಿಗೆ ಆದ್ರೆ ಎಳೆದ್ರೆ ಬಿಚ್ಚುತ್ತೆ. ಮಶೀನು ಓಡೋವರೆಗೂ ಕೋಟು ಯಾರದ್ದೂ ಅಲ್ಲ. ತಾರೀಕು ಹೇಳು, ಓಡಿಸ್ತೀನಿ."

ಬೀದಿಯವರಿಗೆಲ್ಲ ಈ ಮಾತು ಬಾಯಿಪಾಠ. ನನಗೂ ಆಗಿತ್ತು. ಆದರೆ ಅದು ನನ್ನ ಕೋಟಿಗೂ ಅನ್ವಯಿಸುತ್ತದೆ ಎಂದು ಯಾವನು ಅಂದುಕೊಳ್ಳುತ್ತಾನೆ?

ಬೂಟನ್ನು ನಾನು ಬೇಗ ಮುಗಿಸಿದೆ. ದಪ್ಪ ಚರ್ಮ, ಎರಡು ಪದರ ಅಟ್ಟೆ, ಗೆಣ್ಣು ಮುಚ್ಚುವಷ್ಟು ಎತ್ತರ. ನಾನು ಹೊಲಿದ ಬೂಟುಗಳಲ್ಲೆಲ್ಲ ಅದೇ ಚೆಂದ. "ಹೊಸ ಬೂಟು ಭಾವ, ಕಾಲಿಗೆ ಪಳಗಬೇಕು. ದಿನಾ ಹಾಕ್ಕೊಳ್ಳಿ," ಎಂದೆ. ದಿನಾ ನಡೆಯಿರಿ ಎಂದು ಹೇಳಬೇಕಿತ್ತೇನೋ. ಟೈಲರ್ ಯಾವಾಗ ನಡೆಯುತ್ತಾನೆ? ಬೂಟು ಹಾಕಿಕೊಂಡು ಮಶೀನಿಗೆ ಕೂತುಬಿಟ್ಟರು.

ಕಬ್ಬಿಣದ ಪೆಡಲ್ಲಿನ ಮೇಲೆ ಅಷ್ಟು ಭಾರದ ಬೂಟು ಬಿದ್ದರೆ ಏನಾಗುತ್ತದೆ? ಮಶೀನು ಹಗ್ಗ ಹರಿದುಕೊಂಡ ಕುದುರೆಯ ಹಾಗೆ ಓಡಿತು. ಮೊದಲ ದಿನವೇ ಒಬ್ಬರ ಪ್ಯಾಂಟಿನ ಜೇಬಿನ ಬಾಯಿಯನ್ನೇ ಹೊಲಿದು ಮುಚ್ಚಿಬಿಟ್ಟರು. ಆ ಮನುಷ್ಯ ಸಂಜೆ ಬಂದು ಬಾಗಿಲಲ್ಲಿ ನಿಂತ. "ಏನ್ರೀ ಇದು, ಕೈ ಒಳಗೆ ಹೋಗ್ತಿಲ್ಲ!"

ಭಾವ ಕಾಲನ್ನು ಮಶೀನಿನ ಕೆಳಗೆ ಎಳೆದುಕೊಂಡು, "ಕೈ ಬೆಚ್ಚಗಿರ್ಲಿ ಅಂತ ನೋಡಿದೆ," ಎಂದರು.

ಕಿಂಡಿಯ ಈ ಕಡೆ ನಾನು ನಗು ತಡೆಯಲಾರದೆ ಮೊಳೆ ನುಂಗುವುದೊಂದು ಬಾಕಿ. "ಕೂತಲ್ಲೇ ಭೂತಾನ ಮುಟ್ತೀರಿ ಭಾವ, ಹೀಗೇ ತುಳೀತಿರಿ!" ಎಂದು ಕೂಗಿದೆ. ಅವರೂ ಬಿಡಲಿಲ್ಲ. ಕೆಲವು ವಾರಗಳಲ್ಲಿ ಬೂಟೂ ಪಳಗಿತು, ಮಶೀನೂ ಪಳಗಿತು. ಸದ್ದು ಮಾತ್ರ ಬೇರೆಯಾಯಿತು, ಯಾರೋ ದೂರದಲ್ಲಿ ಗಟ್ಟಿ ಹೆಜ್ಜೆ ಇಟ್ಟು ನಡೆಯುತ್ತಿರುವ ಹಾಗೆ.

ಆಮೇಲೆ ಆ ಸದ್ದು ನಡುನಡುವೆ ನಿಲ್ಲತೊಡಗಿತು. ಸ್ವಲ್ಪ ಓಡುವುದು, ನಿಲ್ಲುವುದು, ಮತ್ತೆ ಓಡುವುದು. ದಾರ ಕಡಿಯುತ್ತಿದೆಯೇನೋ ಅಂದುಕೊಂಡೆ. ಕೇಳಿದರೆ, "ಬೂಟು ಭಾರ ಕಣೋ," ಅನ್ನುತ್ತಿದ್ದರು. ಅಟ್ಟದಿಂದ ಬಟ್ಟೆ ಇಳಿಸಲು ಏಣಿ ಹತ್ತುವಾಗ ಮಧ್ಯದಲ್ಲಿ ನಿಂತು, ಗೋಡೆಯಲ್ಲಿ ಏನೋ ಓದುವವರ ಹಾಗೆ ನೋಡುತ್ತಿರುತ್ತಿದ್ದರು. ಗೋಡೆಯಲ್ಲಿ ಏನೂ ಇರಲಿಲ್ಲ. ಹೊರಡುವ ತಾರೀಕು ಕೇಳಿದಾಗೆಲ್ಲ "ನೋಡೋಣ" ಅನ್ನತೊಡಗಿದರು. ಮೊದಲು ನನ್ನ ತಲೆ ತಿಂದು ಆಸೆ ಹಚ್ಚಿದವರು ಅವರು. ಈಗ ನಾನು ಆಸೆ ಹಚ್ಚಿಕೊಂಡು ಕುಣಿಯುತ್ತಿದ್ದರೆ ಅವರು ನೋಡೋಣ ಅನ್ನುತ್ತಾರೆ!

ಒಂದು ಬೆಳಿಗ್ಗೆ ಬೂಟಿಗೆ ಹೊಸ ಲೇಸು ಹಿಡಿದುಕೊಂಡು ಅವರ ಅಂಗಡಿಗೆ ಹೋದೆ. ಮೊಳೆ ಖಾಲಿ.

"ನನ್ನ ಕೋಟೆಲ್ಲಿ?"

"ಹೋಯ್ತು."

"ಎಲ್ಲಿಗೆ?"

"ಭೂತಾನಕ್ಕೆ."

ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. ಮೂಲೆಯ ಕ್ಲಿನಿಕ್ಕಿನ ನರ್ಸ್ ಹಿಂದಿನ ದಿನ ಬಂದಿದ್ದಳಂತೆ. ಒಬ್ಬ ಮುದುಕಿಗೆ ಆ ದೇಶ ನೋಡುವ ಆಸೆ, ಜೊತೆಗೆ ಒಬ್ಬ ನರ್ಸ್ ಬೇಕು ಎಂದು ಮನೆಯವರು ಇದ್ದಕ್ಕಿದ್ದಂತೆ ಕರೆದಿದ್ದರಂತೆ. ಅವಳ ಹತ್ತಿರ ಇದ್ದದ್ದು ಮೊಣಕೈ ತೂತಾದ ಸ್ವೆಟರ್. ಅದನ್ನು ರಿಪೇರಿಗೆ ತಂದಿದ್ದಳು. ಭಾವ ಸ್ವೆಟರ್ ನೋಡಿದರು, ಅವಳ ಭುಜ ನೋಡಿದರು, ಮೊಳೆಯ ಕಡೆ ನೋಡಿದರು.

"ನಿನ್ನಷ್ಟೇ ಎತ್ತರ. ಭುಜ ಒಂದು ಸರಿ ಮಾಡ್ದೆ, ಸೊಂಟ ಸ್ವಲ್ಪ ಹಿಡಿದೆ. ಮಶೀನು ಓಡಿಸಿ ಕೊಟ್ಟೆ."

"ಹೆಂಗಸಿಗೆ ಸರಿಹೋಗೋ ಕೋಟು ನಂಗೆ ಕತ್ತರಿಸಿದ್ರಾ?"

"ಅದು ನಿನ್ನ ಮೈಯ ತಪ್ಪು, ನನ್ನ ಕತ್ತರಿದಲ್ಲ."

"ನನ್ನನ್ನ ಕೇಳದೇನೇ ಕೊಟ್ರಲ್ಲ!"

"ಕೇಳಿದ್ರೆ ಕೊಡ್ತಿದ್ಯಾ?"

"ಇಲ್ಲ!"

"ಅದಕ್ಕೇ ಕೇಳ್ಲಿಲ್ಲ."

ಲೇಸನ್ನು ಅವರ ಮೇಜಿನ ಮೇಲೆ ಎಸೆದೆ. "ಹಾಗಾದ್ರೆ ನಾವು ಹೋಗೋದು ಯಾವಾಗ? ಈಗಲೇ ಹೇಳಿ!" ಅಂದೆ. ಭಾವ ಡಬ್ಬಿಯಿಂದ ಗುಂಡುಸೂಜಿ ತೆಗೆದು ಒಂದೊಂದಾಗಿ ಬಾಯಲ್ಲಿಟ್ಟುಕೊಂಡರು. ಹೊಲಿಯಲು ಮುಂದೆ ಬಟ್ಟೆಯೇ ಇರಲಿಲ್ಲ. ನಾನು ಬಂದು ಬೂಟು ಹೊಲಿಯಲು ಇಟ್ಟಿದ್ದ ಮರದ ಪಾದದಚ್ಚನ್ನು ಕಿಂಡಿಗೆ ತುರುಕಿ ಮುಚ್ಚಿದೆ. ಮಾತು ಬಿಟ್ಟೆ.

ಕೆಲವು ದಿನ ಕಳೆದ ಮೇಲೆ ಅಕ್ಕ ನನ್ನ ಅಂಗಡಿಗೆ ಬಂದಳು. ಯಾವತ್ತೂ ಬರದವಳು. ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಸೆರಗಿನಿಂದ ಧೂಳು ಒರೆಸಿಕೊಂಡು, ಗೋಡೆಯ ಆಚೆ ಕೇಳಿಸದ ಹಾಗೆ ಹೇಳಿದಳು.

"ಡಾಕ್ಟರು ಬೇಡ ಅಂದಿದಾರೆ ಕಣೋ. ಎದೆಯೊಳಗೆ ಉಸಿರು ನಿಲ್ತಿಲ್ಲ. ಇಲ್ಲಿನ ಗಾಳಿನೇ ಸಾಲ್ತಿಲ್ಲ, ಅಷ್ಟು ಎತ್ತರದಲ್ಲಿ ಎಲ್ಲಿಂದ ಬರುತ್ತೆ ಅಂದ್ರು. ಆ ಮಾತು ಹೇಳುವಾಗ ಇವರ ಕೈ ಹಿಡ್ಕೊಂಡು ಕೂತಿದ್ದು ಆ ನರ್ಸೇ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಡಾಕ್ಟರ ಹತ್ರ ಜಗಳಕ್ಕೆ ಹೋಗ್ತಿದ್ದೆ."

ಹೋಗುತ್ತಿದ್ದೆ. ಅದರಲ್ಲಿ ಅನುಮಾನವಿಲ್ಲ. ಎದ್ದು ಕಿಂಡಿಯಿಂದ ಅಚ್ಚನ್ನು ತೆಗೆದೆ. ಆ ಕಡೆಯಿಂದ ಸ್ವಲ್ಪ ಹೊತ್ತಿಗೆ ಟೀ ಲೋಟ ಬಂತು. ಸಕ್ಕರೆ ಇರಲಿಲ್ಲ. ನನ್ನ ಸಿಟ್ಟಿಗೆ ಅವರು ಯಾವಾಗಲೂ ಕೊಡುತ್ತಿದ್ದ ಶಿಕ್ಷೆ ಅದು. ಕುಡಿದೆ.

ನರ್ಸ್ ವಾಪಸು ಬಂದವಳು ಮನೆಗೂ ಹೋಗದೆ ನೇರ ಭಾವನ ಅಂಗಡಿಗೆ ಬಂದಳು. ಮೈಮೇಲೆ ನನ್ನ ಕೋಟು. ಕಿಂಡಿಯಿಂದ ನೋಡಬಾರದು ಅಂದುಕೊಂಡೇ ನೋಡಿದೆ. ಭಾವ ಮೊದಲು ಕಾಲರ್ ಹಿಡಿದು ಮೂಸಿದರು. "ಹೊಗೆ ವಾಸನೆ. ಯಾವ ಕಟ್ಟಿಗೆ ಇದು? ಬೇರೆ ಥರ ಇದೆ." ಆಮೇಲೆ ಕೇಳಿದರು, ಇಷ್ಟು ದಿನ ಕೇಳಬೇಕು ಅಂದುಕೊಂಡಿದ್ದನ್ನು.

"ನೋಡಿದ್ಯಾ ತಾಯಿ? ಅಂಚು?"

"ನೋಡ್ದೆ ಅಂಕಲ್. ನೀವು ಹೇಳಿದ್ರಲ್ಲ, ಕೈಯಲ್ಲೇ ಮುಟ್ಟಿ ನೋಡ್ದೆ. ಒಂದನ್ನೂ ಮಡಚಿಲ್ಲ. ಹೊಸದೆಲ್ಲ ಚೌಕಾಕಾರ ಇರುತ್ತೆ. ಸ್ವಲ್ಪ ಹಳೇದು ಅರ್ಧ ಇರುತ್ತೆ. ತೀರಾ ಮೇಲೆ, ಗಾಳಿ ಜಾಸ್ತಿ ಇರೋ ಕಡೆ, ಬರೀ ಹಗ್ಗ ಅಂಕಲ್. ಬಟ್ಟೆನೇ ಇಲ್ಲ."

"ಬಟ್ಟೆ ಪೂರ್ತಿ ಹೋಗಿದೆಯಾ?"

"ಪೂರ್ತಿ. ಗಂಟು ಮಾತ್ರ ಇದೆ."

ಭಾವ ನಗತೊಡಗಿದರು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. "ಗಂಟು ಮಾತ್ರ! ಕೇಳಿದ್ಯೇನೋ ಪಟಾಕಿ? ಗಂಟು ಮಾತ್ರ ಉಳಿದಿದೆಯಂತೆ!" ಕುತ್ತಿಗೆಯ ಟೇಪಿನ ತುದಿಯಿಂದಲೇ ಕಣ್ಣು ಒರೆಸಿಕೊಂಡರು. ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಮತ್ತೆ ನೋಡಲಿಲ್ಲ.

ನರ್ಸ್ ಕೋಟು ಬಿಚ್ಚಿ ನನಗೆ ಕೊಡಲು ಬಂದಳು. ಹಾಕಿ ನೋಡಿದೆ. ಬಲ ಭುಜದಲ್ಲಿ ಹಿಡಿಯಿತು. "ನಂಗೆ ಬೇಡ, ನೀನೇ ಇಟ್ಕೋ," ಎಂದು ಒರಟಾಗಿಯೇ ಹೇಳಿದೆ. ಇವತ್ತಿಗೂ ಚಳಿಗಾಲದಲ್ಲಿ ಅದನ್ನೇ ಹಾಕಿಕೊಂಡು ಅಂಗಡಿ ಮುಂದೆ ಹೋಗುತ್ತಾಳೆ. ನಮಸ್ಕಾರ ಅನ್ನುತ್ತಾಳೆ. ನಾನು ಕೋಟಿಗೆ ನಮಸ್ಕಾರ ಮಾಡುತ್ತೇನೆ.

ಮರುದಿನ ಭಾವ ಟೇಪು ಹಿಡಿದು ನನ್ನ ಅಂಗಡಿಗೇ ಬಂದರು. "ನಿಲ್ಲು. ನಿಂಗೊಂದು ಕೋಟು ಬಾಕಿ ಇದೆ." ಅಳೆದರು, ಅದೇ ಬಣ್ಣದ ಉಣ್ಣೆ ಹುಡುಕಿ ತಂದರು, ನಿಂತು ನಿಂತು ಕತ್ತರಿಸಿದರು, ಬಿಳಿ ನೂಲಿನಲ್ಲಿ ಜೋಡಿಸಿ ಅದೇ ಮೊಳೆಗೆ ಹಾಕಿದರು. ಮಶೀನು ಓಡಿಸಲಿಲ್ಲ.

"ತಾರೀಕು ಹೇಳು."

"ಯಾವ ತಾರೀಕು? ನೀವು ಬರಲ್ವಲ್ಲ."

"ನೀನು ಹೋಗು. ಹೋಗಿ ಬಂದು ಹೇಳು. ಆ ಹುಡುಗಿ ಅಂಚು ಹೇಳಿದ್ಳು. ಆ ನಿಲುವಂಗಿ ಹೇಗೆ ಸುತ್ಕೊಳ್ತಾರೆ ಅಂತ ನೀನು ಹೇಳ್ಬೇಕು."

"ಒಬ್ಬನೇ ಹೋಗಿ ಯಾರ ಹತ್ರ ಜಗಳ ಆಡ್ಲಿ?"

"ಅಲ್ಲೂ ಯಾರಾದ್ರೂ ಸಿಗ್ತಾರೆ ಬಿಡು."

"ಮೊದ್ಲು ಕೋಟು ಮುಗಿಸಿ. ಆಮೇಲೆ ತಾರೀಕು ಹೇಳ್ತೀನಿ. ನಿಮ್ಮನ್ನ ನಂಬಿ ಒಂದು ಕೋಟು ಕಳ್ಕೊಂಡಿದೀನಿ."

"ಮೊದ್ಲು ತಾರೀಕು. ಆಮೇಲೆ ಮಶೀನು."

ಇಬ್ಬರೂ ಹಟಮಾರಿಗಳು. ಅಲ್ಲಿಂದ ಮುಂದೆ ಅದೇ ನಮ್ಮ ಕ್ಷೇಮಸಮಾಚಾರವಾಯಿತು. ಅಂಗಡಿ ತೆರೆಯುತ್ತಲೇ ಕಿಂಡಿಯಿಂದ "ತಾರೀಕು?" ಎಂದು ಬರುತ್ತಿತ್ತು. "ಕೋಟು?" ಎಂದು ನಾನು ಅನ್ನುತ್ತಿದ್ದೆ. ಬರಬರುತ್ತ ಅವರ ದನಿ ಸಣ್ಣದಾಯಿತು, ಮಶೀನು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚಾಯಿತು. ಆದರೂ ಕಾಲಿನಿಂದ ಬೂಟು ತೆಗೆಯುತ್ತಿರಲಿಲ್ಲ. ಒಂದು ಬೆಳಿಗ್ಗೆ ನಾನು ಅಂಗಡಿ ತೆರೆದು, ಅಟ್ಟೆ ನೆನೆಹಾಕಿ, ಸುತ್ತಿಗೆ ಎತ್ತಿಕೊಂಡು ಕಾದೆ. ಕಿಂಡಿಯಿಂದ ಏನೂ ಬರಲಿಲ್ಲ. ಅಕ್ಕನ ಮನೆಯಿಂದ ಆಳು ಓಡಿ ಬಂದಾಗ ನಾನು ಇನ್ನೂ ಸುತ್ತಿಗೆ ಹಿಡಿದುಕೊಂಡೇ ಕೂತಿದ್ದೆನಂತೆ.

ಬೂಟನ್ನು ಅಕ್ಕ ನನಗೇ ತಂದುಕೊಟ್ಟಳು. ಮಗುಚಿ ನೋಡಿದೆ. ಹಿಮ್ಮಡಿ ಸವೆದಿಲ್ಲ, ಬೆರಳ ತುದಿ ಸವೆದಿಲ್ಲ. ನಡುವೆ ಮಾತ್ರ ಪೆಡಲ್ಲಿನ ಕಬ್ಬಿಣದ ಮೇಲಿನ ಹೂಬಳ್ಳಿ ಚಿತ್ತಾರ ಅಟ್ಟೆಗೆ ಇಳಿದು ಅಚ್ಚೊತ್ತಿದೆ. ಎಷ್ಟು ದೂರ ನಡೆದಿರಬೇಕು ಆ ಮನುಷ್ಯ, ಕೂತಲ್ಲಿಂದ ಏಳದೆ! ಗಾಜಿನ ಕಪಾಟಿನಲ್ಲಿ ಇಟ್ಟಿದ್ದೇನೆ. ಗಿರಾಕಿಗಳು ರೇಟು ಕೇಳುತ್ತಾರೆ. ಕೇಳಿದವರಿಗೆ ಬಾಗಿಲು ತೋರಿಸುತ್ತೇನೆ.

ಕೋಟು ಈಗ ನನ್ನ ಅಂಗಡಿಯ ಮೊಳೆಯಲ್ಲಿದೆ, ಬಿಳಿ ನೂಲು, ಸೀಮೆಸುಣ್ಣದ ಗೆರೆ ಸಮೇತ. ಎದುರು ಸಾಲಿನ ಟೈಲರ್ ಹತ್ತಿರ ಕೊಟ್ಟರೆ ಒಂದು ಮಧ್ಯಾಹ್ನದ ಕೆಲಸ ಎಂದು ಅಕ್ಕ ಹೇಳುತ್ತಾಳೆ. ಅವನು ಮಶೀನು ಓಡಿಸಿದರೆ ಅದು ಅವನು ಹೊಲಿದ ಕೋಟಾಗುತ್ತದೆ. ನನಗೆ ಬಾಕಿ ಇರುವುದು ಆ ಕೋಟಲ್ಲ. ಒಬ್ಬನೇ ಆದರೂ ಹೋಗಿ ಬಾ ಎಂದೂ ಹೇಳುತ್ತಾಳೆ. ಭಾವ ನನಗೊಂದು ಕೋಟು ಕೊಡಬೇಕು, ನಾನು ಅವರಿಗೊಂದು ತಾರೀಕು ಕೊಡಬೇಕು. ಯಾರು ಮೊದಲು ಎಂಬುದು ಅವರಿದ್ದಾಗಲೇ ಇತ್ಯರ್ಥವಾಗಲಿಲ್ಲ. ಈಗ ನಾನಾಗಿ ಸೋಲುವವನಲ್ಲ.